ಕೋರ್ಟಿನ ಕಟಕಟೆಯಿಂದ ನಾಲ್ಕು ನಕ್ಷತ್ರದವರೆಗೆ: ಜನರಲ್ ಸುರೊವಿಕಿನ್ ಏರಿದ್ದು ಹೇಗೆ, ಇಳಿದದ್ದೇಕೆ?

ಪ್ರಶ್ನೆ: ಉಕ್ರೇನ್ ಯುದ್ಧದ ಸುದ್ದಿಗಳಲ್ಲಿ ಪದೇಪದೇ ಕೇಳುತ್ತಿದ್ದ ರಷ್ಯಾದ ಜನರಲ್ ಸುರೊವಿಕಿನ್ ಹೆಸರು 2023ರ ನಂತರ ಇದ್ದಕ್ಕಿದ್ದಂತೆ ನಿಂತುಹೋಯಿತು. ಆತ ಚಿಕ್ಕ ವಯಸ್ಸಿನಲ್ಲಿ ಜೈಲಿಗೆ ಹೋಗಿದ್ದನಂತೆ, ಶಸ್ತ್ರ ಮಾರಾಟದ ಕೇಸೂ ಇತ್ತಂತೆ. ಅಂಥವನಿಗೆ ಅಷ್ಟು ದೊಡ್ಡ ಹುದ್ದೆ ಸಿಕ್ಕಿದ್ದು ಹೇಗೆ? ಆಮೇಲೆ ಕೆಳಗಿಳಿಸಿದ್ದು ಯಾಕೆ? ಈಗ ಎಲ್ಲಿದ್ದಾನೆ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಸುರೊವಿಕಿನ್ ಮೇಲೆ ಬಂದದ್ದು ಒಂದೇ ಒಂದು ಗುಣದಿಂದ. ಮೇಲಿನವರು ಹೇಳಿದ ಕೆಲಸವನ್ನು ಹಿಂದೆಮುಂದೆ ನೋಡದೆ, ಯಾರಿಗೆ ಏನಾದರೂ ಆಗಲಿ ಎಂದು ಮಾಡಿ ಮುಗಿಸುವವನು ಎಂಬ ಹೆಸರು ಆತನಿಗೆ 24ನೇ ವಯಸ್ಸಿಗೇ ಬಂದಿತ್ತು. ಆತನ ಆಜ್ಞೆಯ ಕೆಳಗೆ ಜನ ಸತ್ತಾಗಲೆಲ್ಲ ಆತ ಉಳಿದುಕೊಂಡ, ಹಲವು ಬಾರಿ ಬಡ್ತಿಯನ್ನೂ ಪಡೆದ. ಕುರ್ಚಿ ಹೋದದ್ದು ಸಾವುನೋವಿಗಾಗಿ ಅಲ್ಲ, ಸೋಲಿಗಾಗಿಯೂ ಅಲ್ಲ. ನಿಷ್ಠೆಯ ಬಗ್ಗೆ ಅನುಮಾನ ಹುಟ್ಟಿದ ದಿನ ಹೋಯಿತು. ಇದನ್ನು ಆತನೊಬ್ಬನ ಕಥೆ ಎಂದು ಓದಬೇಡಿ, ರಷ್ಯಾದ ಸೇನೆ ತನ್ನ ಅಧಿಕಾರಿಗಳನ್ನು ಆರಿಸುವ ರೀತಿಯೇ ಇದರಲ್ಲಿ ಕಾಣುತ್ತದೆ.

ಮೊದಲು ದರ್ಜೆಗಳ ಬಗ್ಗೆ ಎರಡು ಮಾತು, ಏಕೆಂದರೆ ಪತ್ರಿಕೆಗಳಲ್ಲಿ ಇದು ಬಹಳ ಗೊಂದಲವಾಗುತ್ತದೆ. ರಷ್ಯಾದಲ್ಲಿ ಬ್ರಿಗೇಡಿಯರ್ ಎಂಬ ದರ್ಜೆ ಇಲ್ಲ. ಕರ್ನಲ್ ಆದ ಮೇಲೆ ನೇರವಾಗಿ ಮೇಜರ್ ಜನರಲ್, ಆಮೇಲೆ ಲೆಫ್ಟಿನೆಂಟ್ ಜನರಲ್, ಅದರ ಮೇಲೆ ನಮ್ಮಲ್ಲಿಲ್ಲದ ಕರ್ನಲ್ ಜನರಲ್, ಅದಕ್ಕೂ ಮೇಲೆ ಆರ್ಮಿ ಜನರಲ್. ಆರ್ಮಿ ಜನರಲ್ ಎಂದರೆ ನಾಲ್ಕು ನಕ್ಷತ್ರ. ನಮ್ಮ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ ಇದ್ದ ದರ್ಜೆಗೆ ಇದು ಸಮ. ಆದರೆ ನಮ್ಮಲ್ಲಿ ಭೂಸೇನೆಗೆ ಅಂಥವರು ಸಾಮಾನ್ಯವಾಗಿ ಒಬ್ಬರೇ ಇದ್ದರೆ ರಷ್ಯಾದಲ್ಲಿ ಏಕಕಾಲಕ್ಕೆ ಹಲವರು ಇರುತ್ತಾರೆ. ಅದರ ಮೇಲಿನ ಮಾರ್ಷಲ್ ದರ್ಜೆ ಸೋವಿಯತ್ ಒಕ್ಕೂಟ ಮುರಿದ ಮೇಲೆ ಸಿಕ್ಕಿದ್ದು ಒಬ್ಬನಿಗೆ ಮಾತ್ರ, 1997ರಲ್ಲಿ ರಕ್ಷಣಾ ಸಚಿವನಾಗಿದ್ದ ಇಗೋರ್ ಸೆರ್ಗೆಯೆವ್‌ಗೆ. ಸುರೊವಿಕಿನ್ ಆರ್ಮಿ ಜನರಲ್ ಆದದ್ದು 2021ರಲ್ಲಿ, 55 ತುಂಬುವ ಮೊದಲೇ.

ಸೆರ್ಗೆಯ್ ಸುರೊವಿಕಿನ್ ಹುಟ್ಟಿದ್ದು 1966ರ ಅಕ್ಟೋಬರ್ 11ರಂದು, ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ. 1987ರಲ್ಲಿ ಓಮ್ಸ್ಕ್‌ನ ಸೇನಾ ಶಾಲೆಯಿಂದ ಚಿನ್ನದ ಪದಕದೊಂದಿಗೆ ಹೊರಬಂದ. ಸ್ವಲ್ಪ ಕಾಲ ವಿಶೇಷ ಪಡೆಯೊಂದಿಗೆ ಅಫ್ಘಾನಿಸ್ತಾನದಲ್ಲಿದ್ದ. ಆಮೇಲೆ ಮಾಸ್ಕೋ ಹತ್ತಿರದ ತಮಾನ್ ಡಿವಿಷನ್‌ಗೆ ಬಂದ. ರಾಜಧಾನಿಯ ಮಗ್ಗುಲಲ್ಲೇ ಇರುವ ಈ ಡಿವಿಷನ್‌ಗೆ ರಷ್ಯಾದಲ್ಲಿ ವಿಶೇಷ ಸ್ಥಾನವಿದೆ. ಮಾಸ್ಕೋದಲ್ಲಿ ಏನಾದರೂ ಆದರೆ ಮೊದಲು ಹೊರಡುವ ಪಡೆಗಳಲ್ಲಿ ಅದೂ ಒಂದು.

1991ರ ಆಗಸ್ಟ್‌ನಲ್ಲಿ ಆದದ್ದೂ ಹಾಗೆಯೇ. ಸೋವಿಯತ್ ಒಕ್ಕೂಟದ ಅಧ್ಯಕ್ಷ ಗೊರ್ಬಚೆವ್‌ನನ್ನು ಕ್ರಿಮಿಯಾದಲ್ಲಿ ಗೃಹಬಂಧನದಲ್ಲಿಟ್ಟು ಕಮ್ಯುನಿಸ್ಟ್ ಪಕ್ಷದ ಹಳಬರು ಅಧಿಕಾರ ಕಿತ್ತುಕೊಳ್ಳಲು ಹೊರಟರು. ತಮಾನ್ ಡಿವಿಷನ್ ನಗರದೊಳಗೆ ಬಂತು. ಕ್ಯಾಪ್ಟನ್ ಸುರೊವಿಕಿನ್ ಅದರ ಒಂದು ಬೆಟಾಲಿಯನ್ ನಡೆಸುತ್ತಿದ್ದ. ಆಗಸ್ಟ್ 20ರ ನಡುರಾತ್ರಿ ದಾಟಿದ ಮೇಲೆ ಆತನ ಬಿಎಂಪಿಗಳು, ಅಂದರೆ ಸೈನಿಕರನ್ನು ಒಯ್ಯುವ ಸರಪಳಿ ಚಕ್ರದ ಕವಚ ವಾಹನಗಳು, ಗಾರ್ಡನ್ ರಿಂಗ್ ರಸ್ತೆಯ ಕೆಳಸೇತುವೆಗೆ ಇಳಿದವು. ಆಚೆ ಬದಿಯಲ್ಲಿ ಜನ ಟ್ರಾಲಿಬಸ್ಸುಗಳನ್ನು ಅಡ್ಡ ನಿಲ್ಲಿಸಿದ್ದರು. ಮುಂದೆ ದಾರಿಯಿಲ್ಲ, ಸುತ್ತ ಜನ. ಚಾಲಕರಿಗೆ ಕಾಣದಂತೆ ವಾಹನಗಳ ಮೇಲೆ ಟಾರ್ಪಾಲಿನ್ ಹೊದಿಸಿದರು, ಬೆಂಕಿ ಹಚ್ಚಿದ ಬಾಟಲಿ ಎಸೆದರು. ವಾಹನಗಳು ಅಡ್ಡಾದಿಡ್ಡಿ ಹಿಂದಕ್ಕೂ ಮುಂದಕ್ಕೂ ನುಗ್ಗಿದವು, ಗುಂಡು ಹಾರಿತು. 536 ಎಂಬ ಸಂಖ್ಯೆಯ ಬಿಎಂಪಿಯ ಸುತ್ತ ಮೂವರು ಸತ್ತರು. ದಿಮಿತ್ರಿ ಕೊಮಾರ್‌ಗೆ 22 ವರ್ಷ, ಅಫ್ಘಾನ್ ಯುದ್ಧದಿಂದ ಜೀವಂತ ಮರಳಿದ್ದವನು. ಇಲ್ಯಾ ಕ್ರಿಚೆವ್ಸ್ಕಿ 28ರ ವಾಸ್ತುಶಿಲ್ಪಿ. ವ್ಲಾದಿಮಿರ್ ಉಸೊವ್‌ಗೆ 37.

ಈ ಹೆಸರುಗಳನ್ನು ಬೇಕೆಂದೇ ಬರೆದಿದ್ದೇನೆ. ಸುರೊವಿಕಿನ್ ಬಗ್ಗೆ ಬರುವ ಹೆಚ್ಚಿನ ಲೇಖನಗಳಲ್ಲಿ ‘ಮೂವರು ಪ್ರತಿಭಟನಕಾರರು’ ಎಂಬ ಎರಡು ಪದಗಳಲ್ಲಿ ಅವರು ಮುಗಿದುಹೋಗುತ್ತಾರೆ. ಆ ರಾತ್ರಿ ಕಳೆದು ಬೆಳಗಾದ ಮೇಲೆ ಸೈನ್ಯವನ್ನು ಮಾಸ್ಕೋದಿಂದ ವಾಪಸ್ ಕರೆಸಲಾಯಿತು, ಕ್ಷಿಪ್ರಕ್ರಾಂತಿ ಕುಸಿದುಬಿತ್ತು. ಮೂವರಿಗೂ ಮರಣೋತ್ತರವಾಗಿ ‘ಸೋವಿಯತ್ ಒಕ್ಕೂಟದ ವೀರ’ ಬಿರುದು ಬಂತು.

ಸುರೊವಿಕಿನ್‌ನನ್ನು ಬಂಧಿಸಿದರು. ಕೆಲವು ತಿಂಗಳು ಸೆರೆಯಲ್ಲಿದ್ದ. ಆಮೇಲೆ ಮೊಕದ್ದಮೆ ಬಿದ್ದುಹೋಯಿತು, ಆದೇಶ ಪಾಲಿಸಿದ ಅಧಿಕಾರಿಯದು ತಪ್ಪಿಲ್ಲ ಎಂದಾಯಿತು. ಬಿಡುಗಡೆಯ ಹಿಂದೆ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಇದ್ದ, ಕ್ಯಾಪ್ಟನ್ ಆಗಿದ್ದವನು ಮೇಜರ್ ಆಗಿ ಹೊರಬಂದದ್ದೂ ಆತನ ಮಾತಿನಿಂದಲೇ ಎಂದು ರಷ್ಯಾದ ಪತ್ರಿಕೆಗಳು ಬರೆದಿವೆ. ಗಮನಿಸಿ, ಸುರೊವಿಕಿನ್‌ನ ವಾಹನಗಳು ರಸ್ತೆಗಿಳಿದದ್ದು ಯೆಲ್ಟ್ಸಿನ್‌ನ ವಿರೋಧಿಗಳ ಪರವಾಗಿ. ಆದರೂ ಗೆದ್ದ ಯೆಲ್ಟ್ಸಿನ್ ಅವನನ್ನು ಶಿಕ್ಷಿಸಲಿಲ್ಲ. ಅಧಿಕಾರಕ್ಕೆ ಬಂದ ಯಾರಿಗೇ ಆದರೂ, ಜನರ ಎದುರು ನಿಂತಾಗ ಕೈ ನಡುಗದ ಅಧಿಕಾರಿ ನಾಳೆ ಬೇಕಾಗುತ್ತಾನೆ. ಎರಡೇ ವರ್ಷಕ್ಕೆ, 1993ರ ಅಕ್ಟೋಬರ್‌ನಲ್ಲಿ, ಯೆಲ್ಟ್ಸಿನ್ ಸ್ವತಃ ತನ್ನ ಸಂಸತ್ತಿನ ಕಟ್ಟಡದ ಮೇಲೆ ಟ್ಯಾಂಕುಗಳಿಂದ ಗುಂಡು ಹಾರಿಸಿದ. 1991ರಲ್ಲಿ ಮೂವರ ಸಾವಿಗೆ ಸರಿಯಾದ ವಿಚಾರಣೆ ಆಗಿದ್ದರೆ ಆ ಸೇನೆಯ ಮುಂದಿನ ಮೂವತ್ತು ವರ್ಷ ಬೇರೆಯಾಗಿರುತ್ತಿತ್ತು ಎಂದು ನಾನು ನಂಬಿದ್ದೇನೆ.

ನೀವು ಕೇಳಿದ ಶಸ್ತ್ರದ ಕೇಸು 1995ರದು. ಆಗ ಆತ ಮಾಸ್ಕೋದ ಫ್ರುಂಜೆ ಸೇನಾ ಅಕಾಡೆಮಿಯ ವಿದ್ಯಾರ್ಥಿ. ಅಕ್ರಮವಾಗಿ ಬಂದೂಕು ಮಾರಾಟಕ್ಕೆ ನೆರವಾದ ಆರೋಪದಲ್ಲಿ ಸೇನಾ ನ್ಯಾಯಾಲಯ ಒಂದು ವರ್ಷದ ಷರತ್ತುಬದ್ಧ ಶಿಕ್ಷೆ ವಿಧಿಸಿತು, ಅಂದರೆ ಜೈಲಿಗೆ ಹೋಗಬೇಕಿರಲಿಲ್ಲ. ಸಹಪಾಠಿಯೊಬ್ಬನಿಗೆ ಪಿಸ್ತೂಲು ತಲುಪಿಸಲು ಹೇಳಿದ್ದರು, ವಿಷಯ ತಿಳಿಯದೆ ಒಯ್ದೆ ಎಂಬುದು ಆತನ ವಾದ. ಶಿಕ್ಷೆಯನ್ನು ನಂತರ ರದ್ದುಮಾಡಲಾಯಿತು. ಸ್ವತಂತ್ರ ನ್ಯಾಯಾಲಯವಿಲ್ಲದ ಕಡೆ ಕೇಸು ಬಿದ್ದುಹೋದರೆ ಆತ ನಿರಪರಾಧಿ ಎಂದಾಗಲಿ, ಶಿಕ್ಷೆಯಾದರೆ ಅಪರಾಧಿ ಎಂದಾಗಲಿ ಹೇಳುವಂತಿಲ್ಲ. ಹಾಗಾಗಿ ಈ ಪ್ರಕರಣಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ಅಲ್ಲಿಂದ ಮುಂದೆ ಆತ ಹತ್ತಿದ್ದು ರಷ್ಯಾದ ಪ್ರತಿ ಮಹತ್ವಾಕಾಂಕ್ಷಿ ಅಧಿಕಾರಿ ಹತ್ತುವ ಮೆಟ್ಟಿಲುಗಳನ್ನೇ. ಬೆಟಾಲಿಯನ್, ಅಕಾಡೆಮಿ, ರೆಜಿಮೆಂಟ್, ಮತ್ತೆ ಜನರಲ್ ಸ್ಟಾಫ್ ಅಕಾಡೆಮಿ, ಡಿವಿಷನ್, ಆರ್ಮಿ, ಸೇನಾ ಜಿಲ್ಲೆ. ಇಲ್ಲಿ ಜಿಲ್ಲೆ ಎಂದರೆ ನಮ್ಮ ಸೇನಾ ಕಮಾಂಡ್‌ಗೆ ಸಮನಾದದ್ದು. ಆತ ತಜಿಕಿಸ್ತಾನದಲ್ಲಿ 201ನೇ ಡಿವಿಷನ್‌ನಲ್ಲಿದ್ದ, 2002ರಲ್ಲಿ ಯೆಕಟೆರಿನ್‌ಬರ್ಗ್‌ನ 34ನೇ ಡಿವಿಷನ್‌ನ ಮುಖ್ಯಸ್ಥನಾದ.

ಯೆಕಟೆರಿನ್‌ಬರ್ಗ್‌ನಲ್ಲಿ 2004ರ ವಸಂತದಲ್ಲಿ ಎರಡು ಘಟನೆ ನಡೆದವು. ಚುನಾವಣೆಯಲ್ಲಿ ಬೇಡದ ಅಭ್ಯರ್ಥಿಗೆ ಮತ ಹಾಕಿದೆನೆಂದು ಸುರೊವಿಕಿನ್ ತನ್ನನ್ನು ಹೊಡೆದನೆಂದು ಲೆಫ್ಟಿನೆಂಟ್ ಕರ್ನಲ್ ಒಬ್ಬ ದೂರು ಕೊಟ್ಟ. ಕೆಲವೇ ವಾರಗಳಲ್ಲಿ ಡಿವಿಷನ್‌ನ ಶಸ್ತ್ರಾಸ್ತ್ರ ವಿಭಾಗ ನೋಡಿಕೊಳ್ಳುತ್ತಿದ್ದ ಕರ್ನಲ್ ಒಬ್ಬ ಸುರೊವಿಕಿನ್‌ನಿಂದ ಬೈಸಿಕೊಂಡು ಆತನ ಕಣ್ಣೆದುರೇ ಗುಂಡು ಹಾರಿಸಿಕೊಂಡು ಸತ್ತ. ಎರಡರಲ್ಲೂ ತಪ್ಪು ಕಾಣಲಿಲ್ಲ ಎಂದು ಸೇನಾ ಪ್ರಾಸಿಕ್ಯೂಟರ್ ಕಚೇರಿ ಕೈತೊಳೆದುಕೊಂಡಿತು. ಅದೇ ವರ್ಷ ಆತನಿಗೆ ಚೆಚೆನ್ಯಾದ 42ನೇ ಡಿವಿಷನ್ ಕೊಟ್ಟರು. ಅಲ್ಲಿ 2005ರಲ್ಲಿ ಗ್ರೋಜ್ನಿ ಬಳಿ ಕಟ್ಟಡದ ಗೋಡೆ ಕುಸಿದು ತನ್ನ ಒಂಬತ್ತು ಸೈನಿಕರು ಸತ್ತಾಗ, ಒಬ್ಬ ಸೈನಿಕನಿಗೆ ಮೂವರು ಉಗ್ರರ ಲೆಕ್ಕದಲ್ಲಿ ಸೇಡು ತೀರಿಸುತ್ತೇನೆ ಎಂದು ಟಿವಿ ಕ್ಯಾಮೆರಾ ಮುಂದೆ ಹೇಳಿದ.

ಈಗ ನಮ್ಮ ಸೇನೆಯೊಂದಿಗೆ ಹೋಲಿಸಿ. ನಮ್ಮಲ್ಲಿ ಮೇಲಿನ ದರ್ಜೆಗಳಿಗೆ ಆಯ್ಕೆ ಮಂಡಳಿ ಕೂರುತ್ತದೆ, ವರ್ಷವರ್ಷದ ಗೋಪ್ಯ ವರದಿಗಳನ್ನು ನೋಡುತ್ತದೆ. ಅನ್ಯಾಯವಾಯಿತು ಎನ್ನುವ ಅಧಿಕಾರಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿಂದ ಸುಪ್ರೀಂ ಕೋರ್ಟ್‌ವರೆಗೂ ಹೋದವರಿದ್ದಾರೆ. ನಮ್ಮ ವ್ಯವಸ್ಥೆಯಲ್ಲಿ ದೋಷಗಳಿಲ್ಲ ಎನ್ನುತ್ತಿಲ್ಲ. ಆದರೆ ರಷ್ಯಾದಲ್ಲಿ ಜನರಲ್ ದರ್ಜೆಯ ಪ್ರತಿ ಹುದ್ದೆಗೂ ಅಧ್ಯಕ್ಷನ ಆದೇಶವೇ ಆಧಾರ, ಕೊಡುವುದೂ ಅದೇ ಸಹಿ, ಕಿತ್ತುಕೊಳ್ಳುವುದೂ ಅದೇ ಸಹಿ. ಹೀಗಿರುವಲ್ಲಿ ಕಡತದಲ್ಲಿರುವ ಕಪ್ಪುಚುಕ್ಕೆಯಿಂದ ಬಡ್ತಿ ನಿಲ್ಲುವುದಿಲ್ಲ. ಬದಲಿಗೆ ಆ ಚುಕ್ಕೆಯೇ ಅಧಿಕಾರಿಯನ್ನು ಮೇಲಿನವರ ಹಂಗಿನಲ್ಲಿಡುತ್ತದೆ.

2008ರ ಕೊನೆಯಲ್ಲಿ ಆತ ಇಡೀ ಸೇನೆಯ ಕೇಂದ್ರ ಕಚೇರಿಯಾದ ಜನರಲ್ ಸ್ಟಾಫ್‌ನ ಮುಖ್ಯ ಕಾರ್ಯಾಚರಣೆ ನಿರ್ದೇಶನಾಲಯದ ಮುಖ್ಯಸ್ಥನಾದ. ಯುದ್ಧ ಯೋಜನೆಗಳು ತಯಾರಾಗುವ ಜಾಗ ಅದು. 2011ರಲ್ಲಿ ಹೊಸದಾಗಿ ಮಿಲಿಟರಿ ಪೊಲೀಸ್ ಪಡೆ ಕಟ್ಟುವ ತಂಡವನ್ನು ಆತನಿಗೇ ವಹಿಸಿದರು. ಸೈನಿಕರಲ್ಲಿ ಶಿಸ್ತು ಕಾಯುವ ಪಡೆಗೆ ಶಿಕ್ಷೆಯ ಇತಿಹಾಸವಿರುವವನು ಮುಖ್ಯಸ್ಥನಾಗಬಾರದೆಂಬ ಆಕ್ಷೇಪ ಬಂದ ಮೇಲೆ ಆತ ಅದರ ಮುಖ್ಯಸ್ಥನಾಗಲಿಲ್ಲ. ಪೂರ್ವ ಸೇನಾ ಜಿಲ್ಲೆಗೆ ಹೋದ, 2013ರಲ್ಲಿ ಅದರ ದಂಡನಾಯಕನಾದ.

ಆತನ ಹೆಸರು ಹೊರಜಗತ್ತಿಗೆ ತಿಳಿದದ್ದು ಸಿರಿಯಾದಿಂದ. 2017ರಲ್ಲಿ ಅಲ್ಲಿನ ರಷ್ಯನ್ ಪಡೆಗಳ ಮುಖ್ಯಸ್ಥನಾದ. ಆ ವರ್ಷ ಸಿರಿಯಾದ ಆಗಿನ ಅಧ್ಯಕ್ಷ ಬಶರ್ ಅಲ್ ಅಸಾದ್‌ನ ಪಡೆಗಳು ರಷ್ಯಾದ ವಿಮಾನಗಳ ಆಸರೆಯಲ್ಲಿ ಮರುಭೂಮಿ ದಾಟಿ ಡೇರ್ ಅಲ್ ಜೋರ್ ನಗರದ ಮುತ್ತಿಗೆ ಮುರಿದವು. ಡಿಸೆಂಬರ್‌ನಲ್ಲಿ ಪುಟಿನ್ ಲಟಾಕಿಯಾ ಬಳಿಯ ಹ್ಮೈಮಿಮ್ ವಾಯುನೆಲೆಗೆ ಹೋದಾಗ ವರದಿ ಒಪ್ಪಿಸಿದವನು ಸುರೊವಿಕಿನ್. ‘ರಷ್ಯಾದ ವೀರ’ ಪದಕ ಸಿಕ್ಕಿತು. ಅದಕ್ಕೂ ತುಸು ಮೊದಲು ಆತನನ್ನು ವಾಯು ಮತ್ತು ಬಾಹ್ಯಾಕಾಶ ಪಡೆಗಳ ಮುಖ್ಯಸ್ಥನನ್ನಾಗಿ ಮಾಡಿದ್ದರು. ಪೈಲಟ್ ಅಲ್ಲದ, ಭೂಸೇನೆಯಲ್ಲೇ ಬೆಳೆದ ಅಧಿಕಾರಿ ರಷ್ಯಾದ ವಾಯುಪಡೆಯ ತಲೆಯ ಮೇಲೆ ಕೂತದ್ದು ಬಹಳ ಅಪರೂಪದ ಸಂಗತಿ.

ಅದೇ ಸಿರಿಯಾದ ಇನ್ನೊಂದು ಲೆಕ್ಕ ಇದ್ಲಿಬ್‌ನಲ್ಲಿದೆ. 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ಅಲ್ಲಿನ ಆಸ್ಪತ್ರೆ, ಶಾಲೆ, ಸಂತೆಗಳ ಮೇಲೆ ನಡೆದ ದಾಳಿಗಳನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ದಾಖಲಿಸಿತು. ಆ ದಾಳಿಗಳಿಗೆ ಆದೇಶದ ಹೊಣೆ ಹೊರಬೇಕಾಗಬಹುದಾದ ಸಿರಿಯಾ, ರಷ್ಯಾ ಅಧಿಕಾರಿಗಳ ಪಟ್ಟಿಯಲ್ಲಿ ಸುರೊವಿಕಿನ್ ಹೆಸರೂ ಇದೆ. ‘ಜನರಲ್ ಆರ್ಮಗೆಡನ್’ ಎಂದು ಆತನನ್ನು ಕರೆಯುವ ರಷ್ಯನ್ನರು ಅದನ್ನು ಹೊಗಳಿಕೆಯಾಗಿ ಬಳಸುತ್ತಾರೆ. ಇದ್ಲಿಬ್‌ನಲ್ಲಿ ಮನೆ ಕಳೆದುಕೊಂಡವರ ಕಡೆಯಿಂದ ನೋಡಿದರೆ ಅದರಲ್ಲಿ ಹೊಗಳುವಂಥದ್ದೇನೂ ಇಲ್ಲ.

ಈಗ ಉಕ್ರೇನ್. 2022ರ ಬೇಸಿಗೆಯಲ್ಲಿ ದಕ್ಷಿಣದ ಪಡೆಗಳು ಆತನ ಕೈಗೆ ಬಂದವು. ಸೆಪ್ಟೆಂಬರ್‌ನಲ್ಲಿ ಖಾರ್ಕಿವ್ ಪ್ರಾಂತ್ಯದಲ್ಲಿ ರಷ್ಯಾಕ್ಕೆ ಭಾರಿ ಮುಖಭಂಗವಾಯಿತು. ಅಕ್ಟೋಬರ್ 8ರಂದು ಕ್ರಿಮಿಯಾ ಸೇತುವೆಯ ಮೇಲೆ ಸ್ಫೋಟವಾಯಿತು, ಅದೇ ದಿನ ಇಡೀ ಕಾರ್ಯಾಚರಣೆಗೆ ಸುರೊವಿಕಿನ್ ಮುಖ್ಯಸ್ಥ ಎಂದು ರಕ್ಷಣಾ ಸಚಿವಾಲಯ ಬಹಿರಂಗವಾಗಿ ಘೋಷಿಸಿತು. ಯುದ್ಧ ಶುರುವಾದ ಮೇಲೆ ಹೀಗೆ ಹೆಸರು ಹೇಳಿ ಪ್ರಕಟಿಸಿದ್ದು ಅದೇ ಮೊದಲು. ಎರಡು ದಿನ ಬಿಟ್ಟು, ಅಕ್ಟೋಬರ್ 10ರಿಂದ, ಉಕ್ರೇನ್‌ನ ವಿದ್ಯುತ್ ಕೇಂದ್ರಗಳ ಮೇಲೆ ಕ್ಷಿಪಣಿಗಳ ಮಳೆ. ಮೊದಲ ದಿನವೇ 80ಕ್ಕೂ ಹೆಚ್ಚು ಕ್ಷಿಪಣಿ. ಚಳಿ ಶೂನ್ಯಕ್ಕಿಂತ ಕೆಳಗಿಳಿಯುವ ದೇಶದಲ್ಲಿ ಕರೆಂಟ್ ಕಡಿದರೆ ದೀಪ ಮಾತ್ರ ಆರುವುದಿಲ್ಲ. ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ, ನಲ್ಲಿ, ಆಸ್ಪತ್ರೆ ಎಲ್ಲವೂ ನಿಲ್ಲುತ್ತದೆ. ಸೈನ್ಯ ಸೋಲುತ್ತಿರುವಾಗ ಜನರನ್ನು ಬಗ್ಗಿಸುವ ಈ ಲೆಕ್ಕಾಚಾರ ಕೊನೆಗೂ ಫಲ ಕೊಡಲಿಲ್ಲ. ಉಕ್ರೇನಿಗರು ಮಾತುಕತೆಗೆ ಬೇಡಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಆತ ತನ್ನ ವೃತ್ತಿಯ ಅತ್ಯಂತ ವಿವೇಕದ ಸೇನಾ ನಿರ್ಧಾರವನ್ನೂ ತೆಗೆದುಕೊಂಡ. ಡ್ನೀಪರ್ ನದಿಯ ಪಶ್ಚಿಮ ದಡದ ಖೆರ್ಸನ್, ಯುದ್ಧ ಶುರುವಾದ ಮೇಲೆ ರಷ್ಯಾ ಗೆದ್ದ ಏಕೈಕ ಪ್ರಾಂತೀಯ ರಾಜಧಾನಿ. ಆದರೆ ಅಲ್ಲಿದ್ದ 30,000ಕ್ಕೂ ಹೆಚ್ಚು ಸೈನಿಕರಿಗೆ ಮದ್ದುಗುಂಡು, ಇಂಧನ ಎಲ್ಲ ಬರಬೇಕಾದದ್ದು ನದಿ ದಾಟಿ. ಜುಲೈನಿಂದ ಉಕ್ರೇನ್ ಅಮೆರಿಕದ ಹೈಮಾರ್ಸ್ ರಾಕೆಟ್‌ಗಳಿಂದ ಆಂಟೊನಿವ್ಸ್ಕಿ ಸೇತುವೆಯನ್ನು ಜರಡಿ ಮಾಡಿತ್ತು. ದೋಣಿ, ತೇಲುಸೇತುವೆಗಳ ಮೇಲೆ ಇಷ್ಟು ದೊಡ್ಡ ಪಡೆಯನ್ನು ಚಳಿಗಾಲ ಪೂರ್ತಿ ಸಾಕುವುದು ಆಗದ ಮಾತು.

ನವೆಂಬರ್ 9ರ ಸಂಜೆ ರಷ್ಯಾದ ಟಿವಿಯಲ್ಲಿ ಬಂದ ದೃಶ್ಯವನ್ನು ಸೇನಾ ವಿದ್ಯಾರ್ಥಿಗಳು ನೋಡಲೇಬೇಕು. ನಕಾಶೆಯ ಎದುರು ಸುರೊವಿಕಿನ್ ನಿಂತಿದ್ದಾನೆ. ರಕ್ಷಣಾ ಸಚಿವ ಶೋಯಿಗು ಕೇಳುತ್ತಾನೆ. ನಗರಕ್ಕೆ ಸಾಮಗ್ರಿ ತಲುಪಿಸಲಾಗದು, ಎಡದಂಡೆಗೆ ಸರಿದು ನದಿಯ ಗುಂಟ ರಕ್ಷಣೆ ಕಟ್ಟುವುದೇ ಸೂಕ್ತ, ಇದು ಬಹಳ ಕಷ್ಟದ ನಿರ್ಧಾರ, ಆದರೆ ಸೈನಿಕರ ಜೀವ ಉಳಿಯುತ್ತದೆ ಎಂದು ಸುರೊವಿಕಿನ್ ಒಂದೇ ಸ್ವರದಲ್ಲಿ ಹೇಳುತ್ತಾನೆ. ಶೋಯಿಗು ಒಪ್ಪಿ, ಹಿಂದೆಗೆಯಲು ಆದೇಶಿಸುತ್ತಾನೆ. ಇಡೀ ದೃಶ್ಯದಲ್ಲಿ ಪುಟಿನ್ ಇಲ್ಲ. ಖೆರ್ಸನ್ ಇನ್ನು ಮುಂದೆ ರಷ್ಯಾದ ಭಾಗ ಎಂದು ಕ್ರೆಮ್ಲಿನ್‌ನಲ್ಲಿ ಆತ ಸಹಿ ಹಾಕಿ ಆಗ 40 ದಿನವಾಗಿತ್ತು. ಅವಮಾನದ ಮಾತನ್ನು ಆಡುವ ಕೆಲಸ ಜನರಲ್‌ನ ಪಾಲಿಗೆ ಬಂತು. ಎರಡೇ ದಿನದಲ್ಲಿ ಪಡೆಗಳು ಹೆಚ್ಚು ನಷ್ಟವಿಲ್ಲದೆ ದಾಟಿಹೋದವು. ಶತ್ರುವಿನ ಫಿರಂಗಿಗಳ ಅಳವಿನಲ್ಲಿ, ಮುರಿದ ಸೇತುವೆಗಳ ಮೇಲೆ ಹಾಗೆ ಹಿಂದೆಗೆಯುವುದು ಮುನ್ನುಗ್ಗುವುದಕ್ಕಿಂತ ಕಷ್ಟ. ಆತನ ಕೃತ್ಯಗಳನ್ನು ಖಂಡಿಸುವ ನಾನೂ ಇದನ್ನು ಒಪ್ಪಬೇಕು.

ಹೀಗೆ ಉಳಿದ ಸೈನಿಕರು ಬೇರೆ ರಂಗಗಳಿಗೆ ಒದಗಿದರು. ಆ ಚಳಿಗಾಲದಲ್ಲೇ ದಕ್ಷಿಣದಲ್ಲಿ ಕೋಟೆಸಾಲು ಎದ್ದಿತು. ಮೊದಲು ಅಗಲವಾದ ನೆಲಬಾಂಬಿನ ಬಯಲು, ಅದರ ಹಿಂದೆ ಟ್ಯಾಂಕ್ ಬೀಳುವ ಕಂದಕ, ಆಮೇಲೆ ‘ಡ್ರ್ಯಾಗನ್ ಹಲ್ಲು’ ಎಂದು ಕರೆಯುವ ಕಾಂಕ್ರೀಟ್ ಮೊನೆಗಳು, ಹಿಂದೆ ಸೈನಿಕರ ಕಂದಕ. ಹೀಗೆ ಒಂದರ ಹಿಂದೆ ಒಂದು ಸಾಲು. ಇದಕ್ಕೇ ‘ಸುರೊವಿಕಿನ್ ಸಾಲು’ ಎಂಬ ಹೆಸರು ಬಿತ್ತು. 2023ರ ಜೂನ್‌ನಲ್ಲಿ ಶುರುವಾದ ಉಕ್ರೇನ್‌ನ ಪ್ರತಿದಾಳಿ ಝಪೋರಿಝಿಯಾದಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ. ರೊಬೊಟಿನೆ ಎಂಬ ಸಣ್ಣ ಹಳ್ಳಿ ಹಿಡಿಯಲು ಆಗಸ್ಟ್ ಕೊನೆಯಾಯಿತು, ಗುರಿಯಾಗಿದ್ದ ಟೊಕ್ಮಾಕ್ ಸಿಗಲೇ ಇಲ್ಲ.

ಆದರೆ ಅಷ್ಟರಲ್ಲಿ ಸುರೊವಿಕಿನ್‌ನ ಎತ್ತಂಗಡಿ ಆಗಿತ್ತು. 2023ರ ಜನವರಿ 11ರಂದು ಜನರಲ್ ಸ್ಟಾಫ್ ಮುಖ್ಯಸ್ಥ ಗೆರಾಸಿಮೊವ್‌ನೇ ಕಾರ್ಯಾಚರಣೆಯ ನೇರ ಹೊಣೆ ಹೊತ್ತ, ಸುರೊವಿಕಿನ್ ಆತನ ಮೂವರು ಉಪಮುಖ್ಯಸ್ಥರಲ್ಲಿ ಒಬ್ಬನಾದ. ಯುದ್ಧದ ದೃಷ್ಟಿಯಿಂದ ಇದಕ್ಕೆ ಅರ್ಥವಿರಲಿಲ್ಲ. ಅರ್ಥ ಇದ್ದದ್ದು ಅರಮನೆಯ ರಾಜಕೀಯದಲ್ಲಿ. ಸುರೊವಿಕಿನ್‌ಗೆ ಹೊರಗಿನ ಅಭಿಮಾನಿ ಬಳಗ ಹುಟ್ಟಿಕೊಂಡಿತ್ತು, ಅದರಲ್ಲಿ ಎಲ್ಲರಿಗಿಂತ ಜೋರಾಗಿ ಹೊಗಳುತ್ತಿದ್ದವನು ವ್ಯಾಗ್ನರ್ ಬಾಡಿಗೆ ಪಡೆಯ ಒಡೆಯ ಯೆವ್ಗೆನಿ ಪ್ರಿಗೊಝಿನ್. ಶೋಯಿಗು, ಗೆರಾಸಿಮೊವ್ ಇಬ್ಬರನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದ ಪ್ರಿಗೊಝಿನ್‌ಗೆ ಸುರೊವಿಕಿನ್ ಒಬ್ಬನೇ ಸರಿಯಾದ ಸೈನಿಕ. ಮೇ ತಿಂಗಳಲ್ಲಿ, ತನ್ನ ಪಡೆ ಕಾದುತ್ತಿದ್ದ ಉಕ್ರೇನ್‌ನ ಬಖ್ಮುತ್ ನಗರದಿಂದ ಹೊರಟುಹೋಗುತ್ತೇನೆಂದು ಬೆದರಿಸಿದಾಗ, ವ್ಯಾಗ್ನರ್‌ಗೆ ಸಂಬಂಧಿಸಿದ್ದನ್ನೆಲ್ಲ ಇನ್ನು ಸುರೊವಿಕಿನ್ ನೋಡಿಕೊಳ್ಳುತ್ತಾನೆ ಎಂದು ಪ್ರಕಟಿಸಿದ. ಪುಟಿನ್‌ನ ರಷ್ಯಾದಲ್ಲಿ ಜನರಲ್‌ಗೆ ಹೀಗೆ ಹೊರಗಿನವನ ಬೆಂಬಲ ಸಿಗುವುದು ಅಪಾಯದ ಸಂಗತಿ.

ಜೂನ್ 23ರ ರಾತ್ರಿ ವ್ಯಾಗ್ನರ್ ದಂಗೆ ಎದ್ದಿತು. ಕೆಲವೇ ಗಂಟೆಗಳಲ್ಲಿ ಒಂದು ವಿಡಿಯೊ ಬಂತು. ಸುರೊವಿಕಿನ್ ಕೂತಿದ್ದಾನೆ, ಕೈಹತ್ತಿರ ಬಂದೂಕು, ಗಡ್ಡ ಕೆರೆದಿಲ್ಲ. ನಾವು ಒಂದೇ ರಕ್ತದವರು, ಶತ್ರು ನಮ್ಮೊಳಗಿನ ಒಡಕನ್ನೇ ಕಾಯುತ್ತಿದ್ದಾನೆ, ನಿಲ್ಲಿ ಎಂದು ವ್ಯಾಗ್ನರ್ ಪಡೆಗೆ ಮನವಿ ಮಾಡುತ್ತಾನೆ. ಬೆಳಗಾಗುವಷ್ಟರಲ್ಲಿ ವ್ಯಾಗ್ನರ್ ರೊಸ್ಟೊವ್‌ನ ಸೇನಾ ಜಿಲ್ಲೆ ಕೇಂದ್ರವನ್ನು ಹಿಡಿದಿತ್ತು, ಒಂದು ದಂಡು ಮಾಸ್ಕೋ ಕಡೆ ಹೊರಟಿತ್ತು. ದಾರಿಯಲ್ಲಿ ಅವರು ಹೊಡೆದುರುಳಿಸಿದ ಹೆಲಿಕಾಪ್ಟರ್‌ಗಳು, ಇಲ್-22 ವಿಮಾನ, ಅವುಗಳಲ್ಲಿ ಸತ್ತ ಹುಡುಗರು ಎಲ್ಲ ಸುರೊವಿಕಿನ್‌ನ ವಾಯುಪಡೆಯವರೇ. ತನ್ನ ಪರ ನಿಂತು ಸತ್ತ ಆ ಪೈಲಟ್‌ಗಳ ಬಗ್ಗೆ ರಷ್ಯಾ ಸರ್ಕಾರ ಹೆಚ್ಚು ಬಾಯಿ ಬಿಡಲಿಲ್ಲ.

ಸುರೊವಿಕಿನ್‌ಗೆ ದಂಗೆಯ ಸುಳಿವು ಮೊದಲೇ ಇತ್ತೆಂದು ಅಮೆರಿಕದ ಅಧಿಕಾರಿಗಳು ಭಾವಿಸಿರುವುದಾಗಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು, ಅದೆಲ್ಲ ಊಹಾಪೋಹ ಎಂದಿತು ಕ್ರೆಮ್ಲಿನ್. ಆಮೇಲೆ ಆತ ಕಾಣಲಿಲ್ಲ. ಜುಲೈನಲ್ಲಿ ಪತ್ರಕರ್ತರು ಕೇಳಿದಾಗ ರಷ್ಯಾ ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷ ಕರ್ತಪೊಲೊವ್, ಆತ ವಿಶ್ರಾಂತಿಯಲ್ಲಿದ್ದಾನೆ, ಸದ್ಯ ಸಿಗುವುದಿಲ್ಲ ಎಂದಷ್ಟೇ ಹೇಳಿ ನಡೆದುಬಿಟ್ಟ. ಆಗಸ್ಟ್ 23ರಂದು ವಾಯುಪಡೆಯ ಹುದ್ದೆಯಿಂದ ತೆಗೆದ ಸುದ್ದಿ ಸರ್ಕಾರಿ ಸಂಸ್ಥೆಯಿಂದಲೇ ಬಂತು, ಅದೇ ಸಂಜೆ ಪ್ರಿಗೊಝಿನ್‌ನ ವಿಮಾನ ತ್ವೆರ್ ಪ್ರಾಂತ್ಯದಲ್ಲಿ ಉರುಳಿತು.

ಜನರಲ್‌ನ ಮೇಲೆ ಮೊಕದ್ದಮೆ ಹೂಡಲಿಲ್ಲ, ದರ್ಜೆ ಕೀಳಲಿಲ್ಲ. ವಿಚಾರಣೆ ನಡೆದರೆ ದಂಗೆಯ ದಿನ ಯಾರ್ಯಾರು ಸುಮ್ಮನಿದ್ದರು ಎಂಬ ಪ್ರಶ್ನೆಯೂ ಏಳುತ್ತಿತ್ತು, ಅದು ಯಾರಿಗೂ ಬೇಕಿರಲಿಲ್ಲ ಎಂಬುದು ನನ್ನ ತರ್ಕ. ಎಲ್ಲರಿಗೂ ಈ ಉದಾರತೆ ಇಲ್ಲ. ಸುರೊವಿಕಿನ್ ಸಾಲನ್ನು ಕಾದ 58ನೇ ಆರ್ಮಿಯ ಮುಖ್ಯಸ್ಥ ಮೇಜರ್ ಜನರಲ್ ಇವಾನ್ ಪೊಪೊವ್, ಸೈನಿಕರು ವ್ಯರ್ಥವಾಗಿ ಸಾಯುತ್ತಿದ್ದಾರೆಂದು ಮೇಲಧಿಕಾರಿಗಳಿಗೆ ನೇರವಾಗಿ ಹೇಳಿ 2023ರ ಜುಲೈನಲ್ಲಿ ಹುದ್ದೆ ಕಳೆದುಕೊಂಡ. ಮರುವರ್ಷ ಬಂಧನ. 2025ರ ಏಪ್ರಿಲ್‌ನಲ್ಲಿ ಐದು ವರ್ಷ ಸಜೆ, ದರ್ಜೆಯೂ ಹೋಯಿತು. ಆರೋಪ, ಅದೇ ಕೋಟೆಸಾಲಿಗೆಂದು ತಂದ ಲೋಹದ ಸಾಮಗ್ರಿಯಲ್ಲಿ ವಂಚನೆ.

ಈಗ ಎಲ್ಲಿದ್ದಾನೆ ಎಂದು ಕೇಳಿದ್ದೀರಿ. 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಸೋವಿಯತ್ ದೇಶಗಳ ವಾಯುರಕ್ಷಣಾ ಸಮನ್ವಯ ಸಮಿತಿಯ ಅಧ್ಯಕ್ಷ ಎಂಬ, ಕೆಳಗೆ ಸೈನ್ಯವಿಲ್ಲದ ಹುದ್ದೆ ಕೊಟ್ಟರು. ಅದೇ ತಿಂಗಳು ಆಲ್ಜೀರಿಯಾಕ್ಕೆ ಹೋದ ನಿಯೋಗದಲ್ಲಿ ಕಾಣಿಸಿಕೊಂಡ. ರಷ್ಯಾದ ಶಸ್ತ್ರಾಸ್ತ್ರವನ್ನು ಆಫ್ರಿಕಾದಲ್ಲಿ ಅತಿ ಹೆಚ್ಚು ಕೊಳ್ಳುವ ದೇಶ ಅದು. ಆಮೇಲೂ ರಷ್ಯಾದ ಸೇನಾ ತಜ್ಞರ ಜೊತೆ ಅಲ್ಲೇ ಇರುವುದಾಗಿ ವರದಿಗಳು ಬಂದಿವೆ. ವಿದ್ಯುತ್ ಕೇಂದ್ರಗಳ ಮೇಲಿನ ದಾಳಿಗಾಗಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2024ರಲ್ಲಿ ರಷ್ಯಾದ ಸೇನಾಧಿಕಾರಿಗಳಾದ ಕೊಬಿಲಾಶ್, ಸೊಕೊಲೊವ್ ಹಾಗೂ ಶೋಯಿಗು, ಗೆರಾಸಿಮೊವ್ ವಿರುದ್ಧ ವಾರಂಟ್ ಹೊರಡಿಸಿತು. ನ್ಯಾಯಾಲಯ ಹೇಳುವ ಅವಧಿ ಶುರುವಾಗುವುದು 2022ರ ಅಕ್ಟೋಬರ್ 10ರಿಂದ. ಅದರ ಮೊದಲ ಮೂರು ತಿಂಗಳು ಒಟ್ಟು ಹೊಣೆ ಹೊತ್ತಿದ್ದವನು ಸುರೊವಿಕಿನ್. ಆತನ ಹೆಸರಿನ ವಾರಂಟ್ ಬಹಿರಂಗವಾಗಿಲ್ಲ, ಆದರೆ ಈ ನ್ಯಾಯಾಲಯ ಕೆಲವು ವಾರಂಟ್‌ಗಳನ್ನು ಗುಟ್ಟಾಗಿ ಇಡುವುದೂ ಉಂಟು. ಯುದ್ಧರಂಗಕ್ಕೆ ಮರಳುತ್ತಾನೆಯೇ ಎಂದರೆ, 2012ರಿಂದ ಜನರಲ್ ಸ್ಟಾಫ್ ಹಿಡಿದು ಕೂತಿರುವ ಗೆರಾಸಿಮೊವ್ ಇರುವವರೆಗೆ ಅದು ಕಷ್ಟ. ಆದರೆ ಸುರೊವಿಕಿನ್ ಆತನಿಗಿಂತ 11 ವರ್ಷ ಚಿಕ್ಕವನು, ದರ್ಜೆ ಹಾಗೇ ಇದೆ, ಮೇಲಾಗಿ ಪಡೆ ನಡೆಸಬಲ್ಲ ಜನರಲ್‌ಗಳು ಆ ಸೇನೆಯಲ್ಲಿ ಹೆಚ್ಚಿಲ್ಲ.